ಹೊಳಬಸಪ್ಪನ ಚೆಂಡು ನೆಟ್ಟಗಾದದ್ದು

ಇಳಕಲ್ಲಿನ ಒಂದು ಗ್ರಾನೈಟ್ ಕಾರ್ಖಾನೆಯಲ್ಲಿ, ಕಲ್ಲು ಕೊಯ್ಯುವ ಶೆಡ್ಡಿನ ಸೂಪರ್‌ವೈಸರ್ ಆಗಿದ್ದ ಹೊಳಬಸಪ್ಪ ಗಾಲ್ಫ್ ಆಡಲು ಶುರುಮಾಡಿದ್ದು ಶೋಕಿಗಲ್ಲ, ಕೆಮ್ಮಿಗೆ. ಇದನ್ನು ಕೇಳಿ ನಗುವವರು ನಗಲಿ. ಅವನ ಹೆಂಡತಿ ಗುರುಸಿದ್ದವ್ವನೂ ಮೊದಲ ದಿನ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು. ಆಮೇಲೆ ಆ ಮನೆಯಲ್ಲಿ ನಗು ಬಹಳ ದಿನ ಉಳಿಯಲಿಲ್ಲ.

ಸಂಗತಿ ಇಷ್ಟು. ಮೀಸೆ ಚಿಗುರಿದಾಗಿನಿಂದ ಕಲ್ಲಿನ ಪುಡಿ ಉಸಿರಾಡಿಕೊಂಡು ಬಂದವನ ಎದೆಯ ಫೋಟೋವನ್ನು ಬಾಗಲಕೋಟೆಯ ಡಾಕ್ಟರು ಬೆಳಕಿಗೆ ಹಿಡಿದು ನೋಡಿ, ಔಷಧಿಯ ಮಾತು ಆಮೇಲೆ, ಮೊದಲು ಆ ಶೆಡ್ಡು ಬಿಡು ಎಂದಿದ್ದರು. ಹೊಳಬಸಪ್ಪನ ಅಪ್ಪನೂ ಅದೇ ಧೂಳಿನವನು. ಕೊನೆಯ ವರ್ಷ ಮಲಗಿದರೆ ಉಸಿರು ಸಿಗದೆ ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದ, ಕುಳಿತೇ ಸತ್ತ. ಆ ಗೋಡೆಯ ಮೇಲೆ ಅವನ ತಲೆಯ ಎಣ್ಣೆಯ ಕಲೆ ಇನ್ನೂ ಇತ್ತು. ಗುರುಸಿದ್ದವ್ವ ಎಷ್ಟು ಸಲ ಸುಣ್ಣ ಬಳಿದರೂ ಅದು ಮತ್ತೆ ಮೇಲೇಳುತ್ತಿತ್ತು. ಶೆಡ್ಡು ಬಿಟ್ಟ ಮೇಲೆ ಉಣ್ಣುವುದು ಏನನ್ನು ಎಂಬುದನ್ನು ಮಾತ್ರ ಡಾಕ್ಟರು ಚೀಟಿಯಲ್ಲಿ ಬರೆದಿರಲಿಲ್ಲ.

ಅಷ್ಟರಲ್ಲಿ ಕಾರ್ಖಾನೆಯ ಆಫೀಸಿನಲ್ಲಿ ಒಂದು ಖುರ್ಚಿ ಖಾಲಿಯಾಯಿತು. ಗಾಜಿನ ಬಾಗಿಲು, ತಲೆಯ ಮೇಲೆ ಫ್ಯಾನು, ಧೂಳಿಲ್ಲದ ಗಾಳಿ. ಕಲ್ಲು ಕೊಳ್ಳಲು ಬರುವ ದೊಡ್ಡ ವ್ಯಾಪಾರಿಗಳನ್ನು ನೋಡಿಕೊಳ್ಳುವ ಕೆಲಸ. ಹೊಳಬಸಪ್ಪ ಕೈ ಜೋಡಿಸಿ ಕೇಳಿದ. ಆದರೆ ಕಾರ್ಖಾನೆಯ ಸಾವಕಾರರಿಗೆ ಆ ವರ್ಷ ಹೊಸ ಹುಚ್ಚು ಹತ್ತಿತ್ತು. ಬೆಂಗಳೂರಿಗೆ ಹೋದಾಗ, ಪರದೇಶದ ವ್ಯಾಪಾರಿಗಳು ಗಾಲ್ಫ್ ಆಡುತ್ತಲೇ ಕಲ್ಲಿನ ಸೌದಾ ಮುಗಿಸುವುದನ್ನು ಅವರು ಕಣ್ಣಾರೆ ಕಂಡು ಬಂದಿದ್ದರು. ಬಂದವರೇ ಕಲ್ಲು ತೆಗೆದು ಮುಗಿದ ಕ್ವಾರಿಯ ಪಕ್ಕದ ಗರಸು ನೆಲವನ್ನು ಸಪಾಟು ಮಾಡಿಸಿ, ಮೂರು ಕುಣಿ ತೋಡಿಸಿ, ಮೂರು ಬಾವುಟ ನೆಡಿಸಿದರು. (ಕುಣಿಯ ಸುತ್ತ ಹಾಸಿದ ಹುಲ್ಲಿಗೆ ದಿನವೂ ಟ್ಯಾಂಕರ್ ನೀರು ಬರುತ್ತಿತ್ತು. ನಮ್ಮ ಓಣಿಯ ನಲ್ಲಿಯ ವಿಷಯ ಇಲ್ಲಿ ಬೇಡ.) ವ್ಯಾಪಾರಿಗಳ ಜೊತೆ ಆಡಲು ಬರುವವನಿಗೇ ಖುರ್ಚಿ, ಅವರು ಬಂದ ರವಿವಾರ ಆಡಿಸಿ ನೋಡಿ ಆರಿಸುತ್ತೇನೆ ಎಂದು ಸಾವಕಾರರು ಅಪ್ಪಣೆ ಹೊರಡಿಸಿದರು. ಕಣಕ್ಕೆ ಇಳಿದವರು ಇಬ್ಬರು: ಹೊಳಬಸಪ್ಪ, ಮತ್ತು ಪಾಲಿಶ್ ವಿಭಾಗದ ಪ್ರಭು ಎಂಬ ಗಟ್ಟಿ ಎದೆಯ ಹುಡುಗ.

ಆಟ ಸುಲಭ. ಕೋಲಿನಿಂದ ಚೆಂಡನ್ನು ಬಾವುಟದ ಕಡೆ ಹೊಡೆಯಬೇಕು, ಅಷ್ಟೇ. ಆದರೆ ಹೊಳಬಸಪ್ಪ ಹೊಡೆದ ಚೆಂಡು ಸ್ವಲ್ಪ ದೂರ ಮರ್ಯಾದಸ್ಥನ ಹಾಗೆ ಹೋಗಿ, ಮನೆಯಲ್ಲಿ ಏನನ್ನೋ ಮರೆತು ಬಂದವನಂತೆ ಬಲಕ್ಕೆ ಹೊರಳಿ ಜಾಲಿ ಕಂಟಿಗೆ ಬೀಳುತ್ತಿತ್ತು. ಈ ರೋಗಕ್ಕೆ ಸ್ಲೈಸ್ ಎಂದು ಹೆಸರು. ಪ್ರಭುವಿನ ಚೆಂಡೂ ಬಲಕ್ಕೇ ಹೋಗುತ್ತಿತ್ತು, ಅವನು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಸಾವಕಾರರ ಚೆಂಡು ಎತ್ತ ಹೋಗುತ್ತದೆಂದು ಕಣ್ಣೆತ್ತಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಸಾವಕಾರರ ಕಾರಿನ ಡ್ರೈವರ್ ನಜೀರಸಾಬ ಬೆಂಗಳೂರಿನ ಮೈದಾನದ ಬೇಲಿಯಾಚೆ ನಿಂತು ಬೀಡಿ ಸೇದುತ್ತ ಈ ವಿದ್ಯೆಯನ್ನು ಅರ್ಧಂಬರ್ಧ ಸಂಪಾದಿಸಿದ್ದ. ಅವನೇ ಹೊಳಬಸಪ್ಪನ ಗುರು. ಮೊದಲನೆಯ ಉಪದೇಶ, ಹೊಡೆಯುವಾಗ ಮೊಳಕೈ ಪಕ್ಕೆ ಬಿಟ್ಟು ಹೋಗಬಾರದು, ಬಗಲಲ್ಲಿ ಏನಾದರೂ ಇಟ್ಟುಕೊಂಡು ಅಭ್ಯಾಸ ಮಾಡು ಎಂಬುದು. ಹೊಳಬಸಪ್ಪ ಕೈಗೆ ಸಿಕ್ಕಿದ್ದನ್ನು ಇಟ್ಟುಕೊಂಡ. ಕೈಗೆ ಸಿಕ್ಕಿದ್ದು ಬುಟ್ಟಿಯಲ್ಲಿದ್ದ ಕಟಕ ರೊಟ್ಟಿ. ಬಿಗಿ ಹಿಡಿದರೆ ಅದು ಮುರಿಯುತ್ತಿತ್ತು, ಸಡಿಲ ಬಿಟ್ಟರೆ ಬೀಳುತ್ತಿತ್ತು. ಪಡಸಾಲೆಯಲ್ಲಿ ಮಗ್ಗದ ಮುಂದೆ ಕುಳಿತ ಗುರುಸಿದ್ದವ್ವ ಲಾಳಿ ನಿಲ್ಲಿಸಿ ಇದನ್ನು ಸುಮಾರು ಹೊತ್ತು ನೋಡಿದಳು.

"ಆ ಬಗಲಾಗಿನ ರೊಟ್ಟಿ ಯಾರಿಗೆ ನೀಡ್ಲಿ ಹೇಳ್ರಿ" ಎಂದಳು.

ಅವನೇ ಉಂಡ. ಮರುದಿನ ಕೋಲು ಬೀಸುವಾಗ ತೊಲೆಗೆ ತೂಗುಹಾಕಿದ್ದ ಮೊಸರಿನ ಗಡಿಗೆ ಒಡೆಯಿತು. ಅದರ ಮರುದಿನ ಕೋಲು ಬಡಿದು ಅಪ್ಪನ ಫೋಟೋದ ಗಾಜು ಹೋಯಿತು. ಗುರುಸಿದ್ದವ್ವ ದಿನಕ್ಕೊಂದು ಮಾತು ಅನ್ನುತ್ತಿದ್ದಳೇ ಹೊರತು ಆಟ ಬಿಡು ಅನ್ನಲಿಲ್ಲ. ರಾತ್ರಿ ಅವನು ಕೆಮ್ಮಿ ಕೆಮ್ಮಿ ಎದ್ದು ಕುಳಿತು, ತನಗೆ ಗೊತ್ತಿಲ್ಲದೆಯೇ ಅಪ್ಪನ ಗೋಡೆಗೆ ಒರಗುವುದನ್ನು ಅವಳು ನೋಡಿದ್ದಳು. ಆ ಖುರ್ಚಿ ಅವನಿಗಿಂತ ಅವಳಿಗೇ ಹೆಚ್ಚು ಬೇಕಾಗಿತ್ತು.

ನಜೀರಸಾಬನ ಕೊನೆಯ ಉಪದೇಶ ಬಂದದ್ದು ಆ ರವಿವಾರಕ್ಕೆ ಸ್ವಲ್ಪ ಮುಂಚೆ. ಕಾಲ ಹತ್ತಿರ ಒಂದು ನೆಟ್ಟನೆಯ ಗೆರೆ ಇರಬೇಕಂತೆ. ಅದರ ಗುಂಟ ನಿಂತು ಹೊಡೆದರೆ ಚೆಂಡು ದಾರಿ ಕಲಿಯುತ್ತದಂತೆ. ಹೊಳಬಸಪ್ಪ ಸುಣ್ಣದಿಂದ ಗೆರೆ ಎಳೆದ, ಎಮ್ಮೆ ತುಳಿದು ಹೋಯಿತು. ಹಗ್ಗ ಕಟ್ಟಿದ, ಜೋತುಬಿತ್ತು. ಮರುದಿನ ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಗೆರೆ ಕಣ್ಣ ಮುಂದೆಯೇ ಇತ್ತು.

ಓಣಿಯ ಉದ್ದಕ್ಕೂ ಗುರುಸಿದ್ದವ್ವ ಹಾಸು ಬಿಗಿದಿದ್ದಳು. ನೇಯುವ ಮೊದಲು ಉದ್ದನೆಯ ಎಳೆಗಳನ್ನು ಹೀಗೆ ಓಣಿಯಲ್ಲಿ ಎಳೆದು ಕಟ್ಟಿ, ಗಂಜಿ ಸವರಿ, ಒಣಗಿಸಿ ಮಗ್ಗಕ್ಕೆ ಏರಿಸುತ್ತಾರೆ. ಎರಡೂ ತುದಿಗೆ ಕತ್ತರಿಯಂತೆ ಕಟ್ಟಿದ ಬಿದಿರು, ನಡುವೆ ಸಾವಿರಾರು ಎಳೆ, ಅಂಚಿಗೆ ಕೆಂಪು ರೇಷ್ಮೆ. ಅವಳ ಅಕ್ಕನ ಮಗಳು ಶ್ರುತಿಯ ಮದುವೆ ಸೀರೆಯ ಹಾಸು ಅದು. ನೇಕಾರರ ಮನೆಯ ಹುಡುಗಿ ಚಿಕ್ಕವ್ವನ ಮಗ್ಗದ ಸೀರೆ ಉಟ್ಟೇ ಅಕ್ಕಿಕಾಳಿಗೆ ನಿಲ್ಲಬೇಕು ಎಂದು ಗುರುಸಿದ್ದವ್ವ ವರ್ಷದಿಂದ ಹೇಳಿಕೊಂಡು ಬಂದಿದ್ದಳು.

ಇಡೀ ಇಳಕಲ್ಲಿನಲ್ಲಿ ಬಿಗಿದ ಹಾಸಿಗಿಂತ ನೆಟ್ಟನೆಯ ಗೆರೆ ಯಾವುದಿದೆ? ಗುರುಸಿದ್ದವ್ವ ಇನ್ನಷ್ಟು ಗಂಜಿ ತರಲು ಒಳಗೆ ಹೋದಳು. ಹೊಳಬಸಪ್ಪ ಕೋಲು ತಂದು ಹಾಸಿನ ಪಕ್ಕ ನಿಂತ. ಅವನು ಅವಿವೇಕಿಯಲ್ಲ, ಯೋಚಿಸಿಯೇ ನಿಂತಿದ್ದ. ಹಾಸು ಎಡಕ್ಕಿತ್ತು. ತನ್ನ ಚೆಂಡು ಹುಟ್ಟಿದಾಗಿನಿಂದ ಬಲಕ್ಕೇ ಹೋಗುವಂಥದ್ದು, ಬಲಕ್ಕೆ ಬಯಲಿದೆ, ಆದ್ದರಿಂದ ಹಾಸಿಗೆ ಏನೂ ಆಗದು ಎಂದು ಲೆಕ್ಕ ಹಾಕಿದ್ದ. (ರೋಗ ವಾಸಿಮಾಡಿಕೊಳ್ಳಲು ನಿಂತವನು ರೋಗದ ಮೇಲೇ ಭಾರ ಹಾಕಿದ್ದು ಹೀಗೆ.) ಮೊಳಕೈ ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು, ಕೆಮ್ಮು ಬರುವ ಮೊದಲೇ ಬೀಸಿದ.

ಚೆಂಡು ಹೋಯಿತು. ನೆಲಕ್ಕೆ ಹತ್ತಿಕೊಂಡು, ಹಾಸಿನ ಗುಂಟ, ಕೂದಲೆಳೆಯಷ್ಟೂ ಬಲಕ್ಕೆ ಬಾಗದೆ ಹೋಗಿ, ಓಣಿಯ ಆ ತುದಿಯಲ್ಲಿ ಹೊರಗೆ ಚಾಚಿದ್ದ ಬಿದಿರಿನ ಕಾಲಿಗೆ ಬಡಿಯಿತು. ಬಿದಿರು ಮಗುಚಿತು. ಬಿಗಿದಿದ್ದ ಎಳೆಗಳು ಪಟಪಟನೆ ಹರಿದು, ಉಳಿದವು ಹಸಿ ಗಂಜಿಯ ಸಮೇತ ಮಣ್ಣಿಗೆ ಬಿದ್ದು ಮುದ್ದೆಯಾದವು. ಸದ್ದು ಕೇಳಿ ಹೆದರಿದ ಎಮ್ಮೆಯೊಂದು ಉಳಿದದ್ದನ್ನೂ ತುಳಿದು ಹೋಯಿತು.

ಗಂಜಿಯ ಪಾತ್ರೆ ಹಿಡಿದು ಗುರುಸಿದ್ದವ್ವ ಬಾಗಿಲಲ್ಲಿ ನಿಂತಿದ್ದಳು. ಹೊಳಬಸಪ್ಪ ಕೋಲನ್ನು ಬೆನ್ನ ಹಿಂದೆ ಅಡಗಿಸಿದ. ಆದರೂ ಎದೆಯ ಒಂದು ಮೂಲೆಯಲ್ಲಿ ನಾಚಿಕೆಗೆಟ್ಟ ಸಂತೋಷವೊಂದು ಕುಣಿಯುತ್ತಿತ್ತು, ಅದು ಬಾಯಿಗೆ ಬಂದುಬಿಟ್ಟಿತು.

"ನೆಟ್ಟಗ ಹೋತು ನೋಡು" ಎಂದ.

ಗುರುಸಿದ್ದವ್ವ ಪಾತ್ರೆ ಕೆಳಗಿಟ್ಟಳು. "ಇಷ್ಟು ದಿನಾ ಬಲಕ್ಕ ಹೋಗಾಕ ಬರ್ತಿತ್ತು. ಇವತ್ತೊಂದಿನಾ ಬರ್ಲಿಲ್ಲೇನ್ರಿ" ಎಂದಳು. ಬೈಗುಳ ಬಂದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಬಯ್ಯದೆ ಮಣ್ಣಲ್ಲಿ ಕುಳಿತು ಎಳೆ ಆರಿಸತೊಡಗಿದಳು. ಖುರ್ಚಿ ಸಿಕ್ಕರೆ ಇದೆಲ್ಲ ಸಾರ್ಥಕವಾದೀತು ಎಂದು ಅವನು ಹೇಳಿದ. ಸಿಗಲಿ ಎಂದು ಅವಳೂ ಮನಸಾರೆ ಬೇಡಿಕೊಂಡಳು.

ರವಿವಾರ ಬಂತು. ಕೆಂಪು ಮೋರೆಯ ಪರದೇಶಿ ವ್ಯಾಪಾರಿಯೊಬ್ಬ ಬಂದ. ಮೊದಲು ಸಾವಕಾರರು ಹೊಡೆದರು, ಚೆಂಡು ಬಲಕ್ಕೆ ಹೊರಳಿ ಕಂಟಿಗೆ ಬಿತ್ತು. ವ್ಯಾಪಾರಿಯದೂ ಬಲಕ್ಕೇ. ಪ್ರಭುವಿನದು ಎಂದಿನಂತೆ ಅದೇ ಕಂಟಿ. ಹೊಳಬಸಪ್ಪ ಹೊಡೆದ. ಚೆಂಡು ಬಾವುಟದ ಕಡೆ ಹಾಸಿನ ಎಳೆಯಂತೆ ಹೋಗಿ ಮೈದಾನದ ನಟ್ಟನಡುವೆ ನಿಂತಿತು.

ಆ ಮೂವರೂ ಚೆಂಡು ಹುಡುಕಲು ಕಂಟಿಗೆ ಇಳಿದರು. ಹೊಳಬಸಪ್ಪ ತನ್ನ ಚೆಂಡಿನ ಹತ್ತಿರ ಹೋಗಿ ನಿಂತ, ಸರದಿ ಬರುವ ತನಕ ಚೆಂಡು ಬಿಟ್ಟು ಕದಲಬಾರದು ಎಂದು ನಜೀರಸಾಬ ಹೇಳಿದ್ದ. ಕಂಟಿಯೊಳಗಿಂದ ನಗು ಕೇಳಿತು. ವ್ಯಾಪಾರಿಯ ಪ್ಯಾಂಟಿಗೆ ಸಿಕ್ಕ ಮುಳ್ಳನ್ನು ಪ್ರಭು ಬಗ್ಗಿ ಬಿಡಿಸುತ್ತಿದ್ದ. ಆಮೇಲೆ ಮೂವರೂ ಬೇವಿನ ನೆರಳಲ್ಲಿ ಕುಳಿತರು, ಚಹಾ ಬಂತು, ಕಲ್ಲಿನ ಮಾತು ಬಂತು. ಪಕ್ಕದ ದಾರಿಯಲ್ಲಿ ಟಿಪ್ಪರುಗಳು ಧೂಳೆಬ್ಬಿಸುತ್ತ ಹೋದವು. ಹೊಳಬಸಪ್ಪ ಬಿಸಿಲಲ್ಲಿ ಒಬ್ಬನೇ ನಿಂತು ಕೆಮ್ಮಿದ.

ಬಹಳ ಹೊತ್ತಿನ ಮೇಲೆ ಸಾವಕಾರರು ಬಂದು ಅವನ ಹೆಗಲ ಮೇಲೆ ಕೈ ಇಟ್ಟರು. "ಭಾಳ ಚಲೋ ಆಡಿದಿ, ಹೊಳಬಸಪ್ಪಾ. ಆದ್ರ ಖುರ್ಚಿಗೆ ನಮ್ಮ ಸಂಗಾಟ ಕಂಟ್ಯಾಗ ಇಳಿಯೋ ಮನಷಾ ಬೇಕು. ಶೆಡ್ಡಿಗೆ ನಿನ್ನಂಥಾ ನೆಟ್ಟಗ ಹೋಗಾವನ ಬೇಕು" ಎಂದರು. ಪಾಪ, ಅವರು ಅದನ್ನು ಹೊಗಳಿಕೆಯೆಂದೇ ತಿಳಿದಿದ್ದರು.

ಶ್ರುತಿಯ ಮದುವೆ ಪೇಟೆಯಿಂದ ತಂದ ಪವರ್‌ಲೂಮ್ ಸೀರೆಯಲ್ಲಿ ಆಯಿತು. ಬೀಗರು ಸೆರಗಿನ ತುದಿ ಮುಟ್ಟಿ ನೋಡಿ ಕೈಬಿಟ್ಟರು, ಗುರುಸಿದ್ದವ್ವ ತಲೆ ತಗ್ಗಿಸಿ ಬಡಿಸಿದಳು. ಹರಿದ ಹಾಸಿನಲ್ಲಿ ಆರಿಸಿ ಗಂಟು ಹಾಕಿದ ಎಳೆಗಳು ಒಂದು ತುಂಡು ಬಟ್ಟೆಗೆ ಸಾಕಾದವು. ಅದನ್ನು ಅವಳು ನೇಯ್ದು, ಎರಡು ಮಡಿಕೆ ಮಾಡಿ, ಒಂದು ಬೆಳಿಗ್ಗೆ ಶೆಡ್ಡಿಗೆ ಹೊರಟ ಗಂಡನ ಮೂಗು ಬಾಯಿ ಮುಚ್ಚಿ ಹಿಂದೆ ಕಟ್ಟಿದಳು. ಮದುಮಗಳ ಕೆಂಪು ರೇಷ್ಮೆಯ ದಡಿ ಅವನ ಮೂಗಿನ ಮೇಲೆ ಕುಳಿತಿತು.

"ಉಸಿರು ಬರ್ತೈತೇನ್ರಿ?"

ಬರುತ್ತದೆ ಎಂದು ಅವನು ತಲೆಯಾಡಿಸಿದ. ಆಡಿಸಿದ್ದಕ್ಕೆ ಗಂಟು ಬಲಕ್ಕೆ ಸರಿಯಿತು. ಅವಳು ನೆಟ್ಟಗೆ ಮಾಡಲು ಕೈ ಎತ್ತಿದಳು.

"ಇರ್ಲಿ ಬಿಡು" ಎಂದ ಹೊಳಬಸಪ್ಪ ಬಟ್ಟೆಯೊಳಗಿಂದ, "ಬಲಕ್ಕ ಇರ್ಲಿ." ಮತ್ತು ಕೆಮ್ಮುತ್ತ ಶೆಡ್ಡಿನ ಕಡೆ ನಡೆದ.