ಮಾವಶಿಯ ಚಾರ್ಜು ಮತ್ತು ನೇರ ಪ್ರಸಾರ

ಯಮಧರ್ಮನೇ ಬಂದು ಬಾಗಿಲಲ್ಲಿ ನಿಂತರೂ ನಮ್ಮ ಮಾವಶಿ ಅವನಿಂದ ರಜಿಸ್ಟರಿಗೆ ಸಹಿ ಹಾಕಿಸಿಕೊಳ್ಳದೆ ಹೊರಡುವುದಿಲ್ಲ! ಇದು ನಾನೊಬ್ಬಳೇ ಹೇಳುವುದಲ್ಲ, ನಮ್ಮ ಮನೆಯವರೆಲ್ಲರ ನಂಬಿಕೆ. ಮಾವಶಿ ಎಂದರೆ ನನ್ನ ಅವ್ವನ ತಂಗಿ. ಬೆಳಗಾವಿಯಿಂದ ಪುಣೆಗೆ ನರ್ಸ್ ಆಗಿ ಬಂದವಳು, ಆಮೇಲೆ ಹಡಪಸರದ ಕಡೆ ಒಂದು ನರ್ಸಿಂಗ್ ಶಾಲೆಯಲ್ಲಿ ಹುಡುಗಿಯರಿಗೆ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವಳು.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹೋಗುವ ನರ್ಸು ಬಂದ ನರ್ಸಿಗೆ ಒಂದೊಂದೇ ಮಂಚದ ಮುಂದೆ ನಿಂತು ಚಾರ್ಜ್ ಕೊಡಬೇಕು, ಅಂದರೆ ರೋಗಿಯ ಜವಾಬ್ದಾರಿ ಒಪ್ಪಿಸಬೇಕು. ಬಂದವಳು ಕೇಳಿದ್ದನ್ನೆಲ್ಲ ತಿರುಗಿ ಹೇಳಬೇಕು. ಯಂತ್ರವಿದ್ದರೆ ಒಮ್ಮೆ ಬಂದ್ ಮಾಡಿ, ಚಾಲೂ ಮಾಡಿ ನೋಡಬೇಕು. ಕೊನೆಗೆ "ಇನ್ನ ನೀವು ಮನಿಗೆ ಹೋಗ್ರಿ" ಎಂದರಷ್ಟೇ ಹೋಗುವವಳ ಡ್ಯೂಟಿ ಮುಗಿದಂತೆ. ಇದು ಮಾವಶಿಯ ಕಾನೂನು. ಒಳ್ಳೆಯ ಕಾನೂನೇ, ಆದರೆ ಅದನ್ನು ಮನೆಗೂ ತಂದರೆ? ಮೂರು ದಿನ ಊರಿಗೆ ಹೋಗುವಾಗ ಗ್ಯಾಸು, ಹಾಲು, ತುಳಸಿಗಿಡಗಳ ಚಾರ್ಜನ್ನು ನನಗೆ ಕೊಡುತ್ತ ಕೊಡುತ್ತ ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದಾಳೆ.

ನನ್ನ ಮದುವೆಯಲ್ಲಂತೂ ಕೇಳಬೇಡಿ! ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿರುವಾಗ ಈಕೆ ನನ್ನ ಅತ್ತೆಯನ್ನು ಪಕ್ಕಕ್ಕೆ ಕರೆದು ನನ್ನ ಚಾರ್ಜ್ ಕೊಟ್ಟಳು.

"ಮುಂಜಾನೆ ಚಹಾ ಕುಡಿಯೂತನಕ ಮಾತಾಡಸಬ್ಯಾಡ್ರಿ. ಮೆಂತ್ಯಾಪಲ್ಯ ಒಲ್ಲೆ ಅಂತಾಳ, ಕೇಳಬ್ಯಾಡ್ರಿ. ಗುಡುಗಿಗೆ ಭಾಳ ಹೆದರತಾಳ. ಹಾಂ, ತಿರುಗಿ ಹೇಳ್ರಿ!"

ಪಾಪ, ಅತ್ತೆ ಪಾಠ ಒಪ್ಪಿಸಿದಂತೆ ಒಪ್ಪಿಸಿ, "ಇನ್ನ ನೀವು ಮನಿಗೆ ಹೋಗ್ರಿ" ಎಂದೂ ಅಂದರು. ಮೆಂತ್ಯದ ಭಾಗವನ್ನು ಅವರು ಇಂದಿಗೂ ಮರೆತಿಲ್ಲ.

ಇಂಥ ಮಾವಶಿಯ ತಲೆಗೆ, ನಿವೃತ್ತಿಗೆ ಒಂದು ತಿಂಗಳಿರುವಾಗ, ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡುವ ಹುಚ್ಚು ಹೊಕ್ಕಿತು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಇನ್ನೂ ಬರದಿದ್ದ ಕಾಲ ಅದು. ಅವರ ಶಾಲೆಗೆ ಒಂದು ರಬ್ಬರಿನ ರೋಗಿ ಬಂದಿತ್ತು. ಕಂಪ್ಯೂಟರಿಗೆ ಜೋಡಿಸಿದರೆ ಅದರ ಎದೆ ಬಡಿಯುತ್ತಿತ್ತು, ನಾಡಿ ಸಿಗುತ್ತಿತ್ತು. ಇಂಥದನ್ನು ಕಣ್ಣಿಂದಲೂ ಕಾಣದ ಸಣ್ಣ ಊರಿನ ನರ್ಸಿಂಗ್ ಹುಡುಗಿಯರಿಗೆ ಅದನ್ನು ತೋರಿಸಿ ಪಾಠ ಮಾಡಬೇಕು ಎಂಬುದು ಅವಳ ಆಸೆ. ಪ್ರಾಚಾರ್ಯ ಬಾಯಿ, ಅಂದರೆ ಶಾಲೆಯ ಪ್ರಿನ್ಸಿಪಾಲ್ ಮೇಡಮ್, ಒಪ್ಪಿದರು, ಆದರೆ ಒಂದು ಮಾತು ಹೇಳಿದರು. ಕಾರ್ಯಕ್ರಮ ಕೆಟ್ಟರೆ ಕಂಪ್ಯೂಟರ್ ಕೋಣೆ ಮೊದಲಿನಂತೆ ಚಾದರ, ದಿಂಬು ಇಡುವ ಕೋಣೆಯಾಗುತ್ತದೆ! ಅವನ್ನು ತುಂಬುವ ಕಪಾಟುಗಳು ಆಗಲೇ ಕಾರಿಡಾರಿನಲ್ಲಿ ಸಾಲಾಗಿ ಬಂದು ನಿಂತಿದ್ದವು.

"ಚಿಂತೀ ಮಾಡಬ್ಯಾಡ್ರಿ, ನಮ್ಮ ಅಕ್ಕನ ಮಗಳು ಕಂಪ್ಯೂಟರಿನ ಒಳಗನ ಇರತಾಳ" ಎಂದು ಮಾವಶಿ ಎಲ್ಲರಿಗೂ ಹೇಳಿಬಿಟ್ಟಿದ್ದಳು. ನಾನು ಮಗರಪಟ್ಟಾದ ಒಂದು ಆಫೀಸಿನಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೆ, ನಿಜ. ಪ್ರಸಾರವನ್ನು ಮಾತ್ರ ಜನ್ಮದಲ್ಲಿ ಮಾಡಿರಲಿಲ್ಲ! ವಾರವಿಡೀ ಊಟ ಸೇರಲಿಲ್ಲ. ಆ ಕಪಾಟುಗಳನ್ನು ಕಂಡಾಗಲೆಲ್ಲ ಒಳಗೆ ಹೋಗಿ ವೈರುಗಳನ್ನು ಮತ್ತೊಮ್ಮೆ ಎಣಿಸುತ್ತಿದ್ದೆ.

ಆ ದಿನ ಮಧ್ಯಾಹ್ನ ಒಂದು ಗಂಟೆಗೆ ಶುರು. ಮಾವಶಿ ಪ್ರತಿ ವೈರಿಗೂ ಬ್ಯಾಂಡೇಜಿನ ಪಟ್ಟಿ ಅಂಟಿಸಿ ನಂಬರು ಬರೆದಿದ್ದಳು, ಒಂದೊಂದಕ್ಕೂ ಪಕ್ಕದ ಆಸ್ಪತ್ರೆಯಿಂದ ಬಂದ ಒಬ್ಬೊಬ್ಬ ನರ್ಸು ಜವಾಬ್ದಾರಿ. ಸೂಜಿ ಚುಚ್ಚುವ ಮುನ್ನ ತೋಳು ಒರೆಸುವಂತೆ ಕ್ಯಾಮೆರಾವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿದಳು. ಪರದೆಯಲ್ಲಿ ಅವಳ ಮುಖ ಮಂಜು ಮಂಜಾಗಿ ಕಂಡಿತು. ಇರಲಿ! ನೋಡುವವರ ಎಣಿಕೆ ತೋರಿಸುವ ಮೂಲೆಯಲ್ಲಿ ಹನ್ನೊಂದು ಎಂದು ಬಂತು. ಹನ್ನೊಂದು ಊರು! ಪ್ರಾಚಾರ್ಯ ಬಾಯಿ ಹಿಂದೆ ಕುಳಿತು ತಲೆದೂಗಿದರು. ನನಗೆ ಜೀವ ಬಂತು.

ಎರಡು ಗಂಟೆಗೆ ಪಾಳಿ ಬದಲಾಗುತ್ತದೆ ಎಂಬುದು ನನಗೆ ಹೊಳೆದಿರಲೇ ಇಲ್ಲ.

ಮೋಡೆಮ್ಮಿನ ಪಕ್ಕದಲ್ಲಿದ್ದ ನರ್ಸು ಎದ್ದಳು, ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಇಬ್ಬರೂ ಮಾವಶಿಯ ಕೈಯಲ್ಲಿ ಕಲಿತವರು. ಬಂದವಳು ಮೆಲ್ಲಗೆ, "ಬಂದ್ ಕರೂನ್ ದಾಖವ" ಎಂದಳು. ಬಂದ್ ಮಾಡಿ ತೋರಿಸು! ನಾನು "ಬೇಡಾ!" ಎಂದು ಕಿರುಚುವಷ್ಟರಲ್ಲಿ ಹೋಗುವವಳು ಮೋಡೆಮ್ ಬಂದ್ ಮಾಡಿದಳು, ಚಾಲೂ ಮಾಡಿದಳು, ಬಂದವಳು ತೃಪ್ತಿಯಿಂದ ರಜಿಸ್ಟರಿಗೆ ಸಹಿ ಹಾಕಿದಳು. ಪ್ರಸಾರ ಕಡಿದು, ಹನ್ನೊಂದು ಇದ್ದದ್ದು ಸೊನ್ನೆಯಾಯಿತು.

ಬೆವರುತ್ತ ಎಲ್ಲವನ್ನೂ ಮತ್ತೆ ಜೋಡಿಸಲು ನನಗೆ ಹತ್ತು ನಿಮಿಷ ಬೇಕಾಯಿತು. ಅಷ್ಟರಲ್ಲಿ ಪ್ರಾಚಾರ್ಯ ಬಾಯಿ ಎದ್ದು ಬಾಗಿಲಿಗೆ ಹೋಗಿ ಕಪಾಟುಗಳ ಕಡೆ ನೋಡತೊಡಗಿದ್ದರು. ಕೊನೆಗೂ ಮೂಲೆಯಲ್ಲಿ ಒಂದು ಎಂದು ಬಂತು. ನೋಡಿದೆ, ನೋಡಿದೆ. ಒಂದು ಎರಡಾಗಲೇ ಇಲ್ಲ.

"ಮಾವಶಿ, ಒಂದ ಕಂಪ್ಯೂಟರ್ ಉಳದದ. ಬೆಳಗಾವಿ ಕಡೆ ಒಂದು ಊರು. ಮುಗಿಸಿಬಿಡೋಣೇನು?"

"ವಾರ್ಡಿನಾಗ ಒಂದ ಪೇಷಂಟ್ ಇದ್ರ ಮನಿಗೆ ಹೋಗತೀಯೇನು?"

ಅಲ್ಲಿಯವರೆಗೆ ಇಂಗ್ಲಿಷು, ಮರಾಠಿ ಬೆರೆಸಿ ಪಾಠ ಮಾಡುತ್ತಿದ್ದವಳು ಕನ್ನಡಕ್ಕೆ ತಿರುಗಿದಳು. ರಬ್ಬರ್ ರೋಗಿಯ ನಾಡಿ ತೋರಿಸಿದಳು, ಎದೆಬಡಿತ ಕೇಳಿಸಿದಳು. ಕೊನೆಗೆ ಕ್ಯಾಮೆರಾದ ಹತ್ತಿರ ಬಗ್ಗಿದಳು.

"ಈ ತಿಂಗಳ ಕೊನಿಗೆ ನನ್ನ ಡ್ಯೂಟಿ ಮುಗೀತದ. ಚಾರ್ಜ್ ಕೊಡತೀನಿ, ತಗೊಳ್ರಿ. ಎಷ್ಟ ಹೊಸಾ ಯಂತ್ರ ಬಂದ್ರೂ ಮೊದಲ ಪೇಷಂಟಿನ ಮಾರಿ ನೋಡ್ರಿ, ಕಣ್ಣಾಗ ಕಣ್ಣಿಟ್ಟು. ಹೆಸರು ಹಿಡದು ಕರೀರಿ. ಮುಟ್ಟೂ ಮೊದಲ ನಿಮ್ಮ ಕೈ ಬೆಚ್ಚಗ ಮಾಡ್ಕೊಳ್ರಿ. ಹಾಂ, ತಿರುಗಿ ಹೇಳ್ರಿ!"

ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಮಾವಶಿ, ಅವರ ದನಿ ನಮಗ ಬರೂದಿಲ್ಲ."

"ಹೇಳೂತನಕ ನಾ ಏಳೂದಿಲ್ಲ."

ಕುಳಿತೇ ಇದ್ದಳು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಇಷ್ಟು ವರ್ಷ ಅವಳನ್ನು ಆಡಿಕೊಂಡ ನಾನು, ಅವಳಿಗೆ ಭಯವಾಗಬಹುದು ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಆಗ ಪರದೆಯ ಕೆಳಗೆ ಅಕ್ಷರಗಳು ಮೂಡತೊಡಗಿದವು. ಇಂಗ್ಲಿಷ್ ಅಕ್ಷರ, ಮಾತು ಕನ್ನಡ. ನಾನು ಗಟ್ಟಿಯಾಗಿ ಓದಿದೆ.

"ಸಿಸ್ಟರ್, ನಾ ಪುಣೇದಾಗ ನಿಮ್ಮ ಕೈಯಾಗ ಕಲತಾಕಿ, ಈಗ ಇಲ್ಲಿ ಕಲಸತೀನಿ. ನಾವು ಇಲ್ಲಿ ಮೂವತ್ತೊಂದು ಮಂದಿ ಇದ್ದೇವಿ. ಒಂದ ಕಂಪ್ಯೂಟರ್. ನಡುವ ಬಂದ್ ಆತು. ಚಾರ್ಜ್ ತಗೊಳ್ಳದ ಏಳಬಾರದು ಅಂತ ನೀವ ನನಗ ಕಲಿಸೀರಿ, ಅದಕ್ಕ ಯಾರನ್ನೂ ಏಳಗೊಡಲಿಲ್ಲ. ಮಾರಿ ನೋಡತೇವಿ. ಹೆಸರು ಹಿಡದು ಕರೀತೇವಿ. ಕೈ ಬೆಚ್ಚಗ ಮಾಡ್ಕೊಂಡು ಮುಟ್ಟತೇವಿ."

ಬಾಗಿಲಲ್ಲಿದ್ದ ಪ್ರಾಚಾರ್ಯ ಬಾಯಿ, ಅವರು ಏನು ಬರೆದರು ಎಂದು ಮರಾಠಿಯಲ್ಲಿ ಕೇಳಿದರು. ಯಾರೋ ಹೇಳಿದರು. ಅವರು ಶಾಲೆಯ ಜವಾನನನ್ನು ಕರೆದು, ಆ ಕಪಾಟುಗಳನ್ನು ಇಲ್ಲಿಂದ ಒಯ್ಯಿ ಎಂದರು.

ಮಾವಶಿಗೆ ಅದು ಕೇಳಿಸಲಿಲ್ಲ. ಅವಳು ಇನ್ನೂ ಪರದೆಯನ್ನೇ ನೋಡುತ್ತಿದ್ದಳು. ಇನ್ನೊಂದು ಸಾಲು ಬಂತು. ಈ ಸಲ ನಾನು ಓದದೆ ಪಕ್ಕಕ್ಕೆ ಸರಿದೆ. ನನ್ನ ಅವ್ವನ ತಂಗಿ ಕನ್ನಡಕ ಒರೆಸಿಕೊಂಡು, ತಾನೇ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡಳು.

"ಇನ್ನ ನೀವು ಮನಿಗೆ ಹೋಗ್ರಿ, ಸಿಸ್ಟರ್."

ಎಬ್ಬಿಸಲೆಂದು ಅವಳ ಕೈ ಹಿಡಿದೆ. ಬೆಚ್ಚಗಿತ್ತು.