ಬೆಲ್ಲ, ಸುಣ್ಣ, ವಿಭೂತಿ ಮತ್ತು ಕಾಕಾನ ಮೋಟಾರು

ಓದುವವರು ಮೊದಲು ನನ್ನನ್ನು ಕ್ಷಮಿಸಬೇಕು. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು, ಶಬ್ದಗಳೂ ಅಷ್ಟಕ್ಕಷ್ಟೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ಕಾಳವ್ವ ನಾನು. ನಾಲ್ಕು ಮಂದಿಯ ಮುಂದೆ ಬಾಯಿ ಬಿಡಲು ನಾಚಿಕೆ. ಅದಕ್ಕೇ ಎರಡು ಸಲ ಕರಡು ಬರೆದು, ತಪ್ಪು ತಿದ್ದಿ, ಮೂರನೇ ಸಲ ನೀಟಾಗಿ ಇಳಿಸುತ್ತಿದ್ದೇನೆ. ನನಗೆ ಬರುವ ವಿದ್ಯೆ ಹೊಲಿಗೆಯೊಂದೇ. "ನಮ್ಮ ಕಾಳವ್ವನ ಹೊಲಿಗಿ ಅಂದ್ರ ಇರುವಿ ಸಾಲು ಹೊಂಟಂಗ" ಎಂದು ಕಾಕು ಗೌರಕ್ಕ ಓಣಿಗೆಲ್ಲ ಹೇಳುತ್ತಾಳೆ. ಇರಲಿ, ಈ ಕಥೆ ನನ್ನದಲ್ಲ, ನಮ್ಮ ಕಾಕಾನದು.

ಕಾಕಾ ಎಂದರೆ ನನ್ನ ಚಿಕ್ಕಪ್ಪ, ಕಾಕುವಿನ ಗಂಡ, ಸಿದ್ದಲಿಂಗಪ್ಪ ಮಾಸ್ತರರು. ಧಾರವಾಡದಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ನಿವೃತ್ತಿಯಾದ ವಾರವೇ ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬನಿಂದ ಒಂದು ಕರೀ ಮೋಟಾರು ಕೊಂಡು ತಂದರು. ಬ್ರಿಟಿಷರು ಹೋಗುವಾಗ ಒಯ್ಯಲು ಮನಸ್ಸಾಗದೆ ಬಿಟ್ಟುಹೋದ ಮೋಟಾರು ಅದು! ದಿನಾ ಮುಂಜಾನೆ ಮೊದಲು ಅದಕ್ಕೆ ಸ್ನಾನ, ಕಾಕಾನ ಸ್ನಾನ ಆಮೇಲೆ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಇಂಜಿನ್ನು ಒರೆಸುವ ಕೆಲಸವನ್ನು ನನಗೆ ಒಪ್ಪಿಸಿದರು. ನಾನು ಬೇವಿನ ಕಡ್ಡಿಗೆ ಅರಿವೆ ಸುತ್ತಿ ಸಂದುಗೊಂದಿನ ಧೂಳನ್ನೆಲ್ಲ ತೆಗೆದೆ. ಕಾಕಾ ಬಗ್ಗಿ ನೋಡಿ, "ಕನ್ನಡಿ ಮಾಡೀಯಲ್ಲವಾ!" ಎಂದರು.

ಪೂಜೆಯಾಗಿ ನಾಲ್ಕನೇ ದಿನ, ಬಾಗಿಲ ಮುಂದಿನ ರಂಗೋಲಿಯ ನಟ್ಟನಡುವೆ ಕಪ್ಪನೆಯ ಕೆರೆ!

"ಏನ್ರೀ, ನಿಮ್ಮ ಎಮ್ಮಿ ನನ್ನ ರಂಗೋಲಿ ಮ್ಯಾಲ ಉಚ್ಚಿ ಹೊಯ್ದೈತಿ ನೋಡ್ರಿ!" ಕಾಕು ಕೂಗಿದಳು.

"ಉಚ್ಚಿ ಅಲ್ಲ, ಇಂಜಿನ್ ಎಣ್ಣಿ. ಎಲ್ಲೋ ಸೋರಾಕತ್ತೈತಿ."

"ಹಂಗಾರ ಗುಲಾಬಸಾಬನ್ನ ಕರಸ್ರಿ."

ಕಾಕಾನ ಮೀಸೆ ನಿಮಿರಿತು. ಗುಲಾಬಸಾಬ ಊರಂಚಿನ ನಾಕಾದ ಹತ್ತಿರ ಮೋಟಾರು ರಿಪೇರಿ ಮಾಡುವವನು, ಒಂದು ಕಾಲಕ್ಕೆ ಕಾಕಾನ ಶಿಷ್ಯ. "ಅವನ್ನ? ವಿಜ್ಞಾನದಾಗ ನೂರಕ್ಕ ಹನ್ನೊಂದು ತಗೊಂಡಾವನ್ನ? ಅವ ನನಗ ಕಲಸಬೇಕೇನ? ಬರೂ ಐತವಾರ ಉಪ್ಪಿನಬೆಟಗೇರಿಗೆ, ನಿನ್ನ ತಮ್ಮನ ಬಸರಿ ಮಗಳ ಕುಬಸಕ್ಕ, ಇದೇ ಗಾಡ್ಯಾಗ ನಿನ್ನ ಕರಕೊಂಡ ಹೋಗ್ತೇನಿ. ದಾರ್ಯಾಗ ಒಂದ ಹನಿ ಸೋರ್ತಂದ್ರ ಗಾಡಿ ಮಾರಿ ಸೈಕಲ್ ತುಳೀತೇನಿ!"

"ಸೈಕಲ್‌ರೇ ಎಲ್ಲೆ ಬರ್ತೈತಿ ನಿಮಗ?" ಎಂದಳು ಕಾಕು.

ಶುರುವಾಯಿತು ಸಂಶೋಧನೆ! ಗುರುತ್ವಾಕರ್ಷಣೆಯ ಪ್ರಕಾರ, ಹನಿ ಬೀಳುವ ಜಾಗದ ನೆಟ್ಟಗೆ ಮೇಲೆ ತೂತು ಇರಲೇಬೇಕು ಎಂಬುದು ಕಾಕಾನ ಸಿದ್ಧಾಂತ. ಎಣ್ಣೆ ಮೇಲೆಲ್ಲೋ ಹೊರಟು, ಜಾರುತ್ತ ಜಾರುತ್ತ ಬಂದು ಕೆಳಗೆ ಬೀಳಬಹುದು ಎಂಬುದು ಒಗ್ಗರಣೆ ಹಾಕುವ ಯಾವ ಹೆಂಗಸಿಗೂ ಗೊತ್ತು, ಮಾಸ್ತರರಿಗೆ ಗೊತ್ತಿಲ್ಲ! ಹನಿ ಬಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಮೋಟಾರಿನಡಿ ಅಂಗಾತ ಮಲಗಿ ನೋಡಿದರೆ, ನೇರಕ್ಕೆ ಒಂದು ತಿರುಪು. "ಸಿಕ್ತು! ಇದೇ ಸಡ್ಲ ಆಗೇತಿ!" ಎಂದು ಬಿಗಿ ಮಾಡಲು ಹೋಗಿ ಉಲ್ಟಾ ತಿರುವಿದರು. ಅದು ಎಣ್ಣೆ ಖಾಲಿ ಮಾಡುವ ತಿರುಪಂತೆ! ಇಂಜಿನ್ನಿನ ಹೊಟ್ಟೆಯೊಳಗಿನ ಎಣ್ಣೆಯೆಲ್ಲ, ಗುರುತ್ವಾಕರ್ಷಣೆಯ ನಿಯಮವನ್ನು ಎಳ್ಳಷ್ಟೂ ಮೀರದೆ, ಕಾಕಾನ ಮುಖದ ಮೇಲೆ ಇಳಿಯಿತು.

ಕಾಕು ಹೊಸ್ತಿಲಲ್ಲಿ ನಿಂತು ನೋಡಿದಳು. "ದೀಪಾವಳಿ ಇನ್ನೂ ದೂರ ಐತಿ. ಇಷ್ಟ ಲಗೂ ಎಣ್ಣಿ ಹಚ್ಚಗೊಂಡ್ರೇನ?"

ಹೊಸ ಎಣ್ಣೆ ತುಂಬಿಸಿದ್ದಾಯಿತು. ಮರುದಿನ ಹೊಸ ಯುಕ್ತಿ. ಇಂಜಿನ್ನನ್ನು ಒರೆಸಿ ಒಣಗಿಸಿ, ಮೇಲೆಲ್ಲ ಬಿಳೀ ಪುಡಿ ಉದುರಿಸಿ ಚಾಲೂ ಮಾಡುವುದು. ಪುಡಿ ಮೊದಲು ಎಲ್ಲಿ ಕಪ್ಪಾಗುತ್ತದೋ ಅಲ್ಲಿಯೇ ಸೋರಿಕೆ. ವಿಚಾರವೇನೋ ನನಗೂ ಸರಿ ಎನ್ನಿಸಿತು. ಆದರೆ ಬಿಳೀ ಪುಡಿ ಬೇಕೆಂದು ದೇವರ ಜಗಲಿಯ ಮೇಲಿದ್ದ ವಿಭೂತಿ ಗಟ್ಟಿಯನ್ನೇ ಕುಟ್ಟಿಬಿಟ್ಟರಲ್ಲ!

"ಪೂಜಿಗೆ ಕುಂತಾಗ ನಾ ಹಣಿಗೆ ಏನ ಹಚ್ಚಗೊಳ್ಳಲಿ? ನಿಮ್ಮ ಮಸಿ?" ಎಂದಳು ಕಾಕು.

"ಸುಮ್ಮನಿರ, ವಿಜ್ಞಾನ ನಡದೈತಿ."

ಮೈತುಂಬ ಭಸ್ಮ ಧರಿಸಿದ ಇಂಜಿನ್ನು ದೇವರು ಮೈದುಂಬಿದ ಪೂಜಾರಿಯಂತೆ ಗಡಗಡ ನಡುಗಿತು. ಮೇಲಿನ ಮುಚ್ಚಳದ ಅಂಚು ಕಪ್ಪಾಯಿತು. ಬಗಲು ಕಪ್ಪಾಯಿತು. ಹಿಂದೆ, ಮುಂದೆ, ಕೆಳಗೆ, ಸಂದು ಇದ್ದಲ್ಲೆಲ್ಲ ಕಪ್ಪು! ಎಲ್ಲ ಕಡೆಗೂ ಒಮ್ಮೆಲೇ ಏಕೆ ಸೋರುತ್ತಿದೆ ಎಂದು ಬೇರೆ ಯಾರೇ ಆಗಿದ್ದರೂ ಕೇಳಿಕೊಳ್ಳುತ್ತಿದ್ದರು. ಮಾಸ್ತರರು ಮೂವತ್ತು ವರ್ಷ ಪ್ರಶ್ನೆ ಕೇಳಿದ್ದು ಬೇರೆಯವರಿಗೆ, ತಮಗಲ್ಲ! ಅವರಿಗೆ ಹೊಳೆದದ್ದು ಒಂದೇ: ಎಲ್ಲ ಸಂದುಗಳನ್ನೂ ಮುಚ್ಚಿಬಿಡುವುದು.

"ನಮ್ಮ ಹಿರೇರು ಕಟ್ಟಿದ ಮಾಳಗಿ ನೂರು ವರ್ಷ ಆದ್ರೂ ಸೋರಿಲ್ಲ. ಯಾಕ? ಬೆಲ್ಲ-ಸುಣ್ಣದ ಗಚ್ಚು!"

ಎರಡು ಸೇರು ಬೆಲ್ಲ, ಒಂದು ಬುಟ್ಟಿ ಸುಣ್ಣ. ಕಾಕಾ ಕಚ್ಚೆ ಬಿಗಿದು ಅರೆದರು, ಮೆತ್ತಿದರು. ಶನಿವಾರದ ಹೊತ್ತಿಗೆ ಓಣಿಯ ಇರುವೆಗಳೆಲ್ಲ ಸಕುಟುಂಬ ಸಪರಿವಾರ ನಮ್ಮ ಮೋಟಾರಿಗೆ ಬಿಡಾರ ಬದಲಿಸಿದವು.

ಐತವಾರ ಮುಂಜಾನೆ ಕಾಕು ಇಳಕಲ್ ಸೀರೆ ಉಟ್ಟು, ಕುಬಸದ ಬುತ್ತಿಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಲ್ಲಿಗೇರುವವರ ಹಾಗೆ ಮುಖ ಮಾಡಿ ಕೂತಳು. ಹಿಂದೆ ನಾನು. ಮೋಟಾರು ಹೊರಟಿತು. ಇಂಜಿನ್ನು ಕಾದಂತೆ ಬೆಲ್ಲ ಕರಗಿತು, ಪಾಕ ಬಂತು, ಊರೆಲ್ಲ ಘಮಘಮ! "ಮಾಸ್ತರ್ರ, ಹೋಳಿಗಿ ಅಂಗಡಿ ಇಟ್ಟೀರೇನ್ರಿ?" ಎಂದು ದಾರಿಯುದ್ದಕ್ಕೂ ವಿಚಾರಣೆ. ಸ್ವಲ್ಪ ಹೊತ್ತಿಗೆ ಪಾಕ ಸೀದು ಕಣ್ಣುರಿಸುವ ಹೊಗೆ ಎದ್ದಿತು. ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಎಲ್ಲಿ? ಗುಲಾಬಸಾಬನ ತಗಡಿನ ಶೆಡ್ಡಿನ ಎದುರಿಗೆ! ಕೆಳಗೆ ನೆಲದ ಮೇಲೆ ಒಂದಲ್ಲ, ಸಾವಿರ ಹನಿ.

ಗುಲಾಬಸಾಬ ಬಂದ, ಕೈ ಮುಗಿದ, ಬಾನೆಟ್ಟು ಎತ್ತಿದ. ಬೆರಳಿನಿಂದ ಕೆರೆದು ಮೂಸಿ ನೋಡಿದ. "ಸರ, ಬೆಲ್ಲ ಐತ್ರಿ. ಯಾಲಕ್ಕಿ ಹಾಕಾಕ ಮರತೀರೇನ್ರಿ?"

ಕಾಕಾ ಆಕಾಶ ನೋಡಿದರು.

ಗುಲಾಬಸಾಬ ಇಂಜಿನ್ನಿನ ಹಿಂದೆ ಬಾಗಿದ್ದ ಒಂದು ನಳಿಗೆಯೊಳಗೆ ತಂತಿ ಹಾಕಿ, ಸಣ್ಣದೊಂದು ಅರಿವೆಯ ಗಂಟನ್ನು ಎಳೆದು ತೆಗೆದ. "ಇದು ಇಂಜಿನ್ ಉಸರಾಡೂ ನಳಗಿ ನೋಡ್ರಿ ಸರ. ಒಳಗಿನ ಬಿಸಿ ಗಾಳಿ ಇಲ್ಲಿಂದ ಹೊರಗ ಹೋಗಬೇಕು. ಮೂಗು ಮುಚ್ಚಿದ್ರ ಪಾಪ ಅದೇನ ಮಾಡೀತು? ಸಂದು ಸಿಕ್ಕಲ್ಲೆ ಎಣ್ಣಿ ಹೊರಗ ದಬ್ಬತೈತಿ. ಇದನ್ನ ಯಾರ ತುರುಕಿದ್ರಿ?"

ಕಾಕು ಗಂಟನ್ನು ಕಸಿದು ಬಿಚ್ಚಿದಳು. "ಅಯ್ಯ ನಮ್ಮವ್ವಾ! ಇದು ನನ್ನ ಜಂಪರಿನ ಖಣದ ತುಂಡು! ಕಳ್ಳತನಾನೂ ಕಲತ್ರೇನ್ರಿ?"

ಕಾಕಾ ಬಾಯಿ ತೆರೆದರು. ಅರಿವೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಎಳೆ ಬಿಚ್ಚಬಾರದೆಂದು ನಾಲ್ಕೂ ಅಂಚು ಮಡಿಚಿ ಹೊಲಿದ ಹೊಲಿಗೆ ಅದು. ಇರುವೆ ಸಾಲು ಹೊರಟ ಹಾಗೆ. ಕಾಕಾ ತಲೆಯೆತ್ತಿ ಒಂದು ಸಲ ನನ್ನತ್ತ ನೋಡಿದರು. ಆಮೇಲೆ, "ನಾನೇ ಇಟ್ಟಿದ್ದೆ. ಅದೊಂದು ಪ್ರಯೋಗ" ಎಂದರು.

"ನಿಮ್ಮ ಪ್ರಯೋಗಕ್ಕ ಬೆಂಕಿ ಹಚ್ಚಲಿ! ಗುಲಾಬಸಾಬ, ಈ ಪಂಡಿತಗ ನೂರಕ್ಕ ಎಷ್ಟ ಕೊಡ್ತಿಯಪಾ?"

ಗುಲಾಬಸಾಬ ಕೈ ಒರೆಸಿಕೊಂಡ. "ಹನ್ನೊಂದು ಕೊಡೂನ್ರಿ ಅವ್ವಾರ."

ಕುಬಸಕ್ಕೆ ನಾವು ಬಸ್ಸಿನಲ್ಲಿ ಹೋದೆವು. ಊಟದ ಪಂಕ್ತಿಯಲ್ಲಿ ಕಾಕುವೇ ಎಲ್ಲವನ್ನೂ ರಸವತ್ತಾಗಿ ಹೇಳಿದಳು. ಕಾಕಾ ತಲೆ ತಗ್ಗಿಸಿ ಕಡಬು ಮುರಿಯುತ್ತ ಕೂತಿದ್ದರು. ಮೋಟಾರು ಈಗ ಒಂದು ಹನಿಯೂ ಸೋರುವುದಿಲ್ಲ. ಆದರೆ ಆಡಿದ ಮಾತು ಆಡಿದ್ದೇ ಅಲ್ಲವೇ? ನಾಳೆ ಹುಬ್ಬಳ್ಳಿಯಿಂದ ಗಿರಾಕಿ ಬರುತ್ತಾನೆ. ಕಾಕಾ ಮುಂಜಾನೆಯಿಂದ ನಿಂತ ಮೋಟಾರಿನೊಳಗೆ ಸುಮ್ಮನೆ ಚಕ್ರ ಹಿಡಿದು ಕೂತಿದ್ದಾರೆ.

ಇಷ್ಟುದ್ದ ಅವರನ್ನು ಹಂಗಿಸಿ ಬರೆದೆ. ಖಂಡೇಪೂಜೆಯ ಹಿಂದಿನ ದಿನ, ಬಾಯಿ ತೆರೆದ ಆ ನಳಿಗೆಯನ್ನು ಕಂಡು, ಒಳಗೆ ಧೂಳು ಹೋದೀತಲ್ಲ ಎಂದು, ಖಣದ ತುಂಡಿಗೆ ನಾಲ್ಕು ಅಂಚು ಹೊಲಿದು, ಕಡ್ಡಿಯಿಂದ ಒತ್ತಿ ಒತ್ತಿ ತುರುಕಿದವಳು ನಾನು. ನನಗೆ ಹನ್ನೊಂದೂ ಬರುವುದಿಲ್ಲ.

ನಾಳೆ ಕಾಕು ರಂಗೋಲಿ ಹಾಕಲು ಬಾಗಿಲಿಗೆ ಬಂದಾಗ, ಗಿರಾಕಿ ಬರುವ ಮೊದಲು, ಇಬ್ಬರನ್ನೂ ನಿಲ್ಲಿಸಿಕೊಂಡು ಈ ಹಾಳೆಗಳನ್ನು ಗಟ್ಟಿಯಾಗಿ ಓದುತ್ತೇನೆ.