ಮಂಚದ ಎದುರಿನ ತೋಟ

ನಗಬಾರದ ಹೊತ್ತಲ್ಲೇ ನಗು ಬರೋದು ನಮ್ಮನೆ ಹಣೇಬರಹ. ತಿಪಟೂರಲ್ಲಿ ಬ್ಲೌಸ್ ಹೊಲೆಯೋ ನಾನು ಕುಂಚ ಹಿಡಿದದ್ದೂ ಅಂಥ ಹೊತ್ತಲ್ಲೇ. ಕಂಡಕ್ಟರ್ ಆಗಿ ರಿಟೈರಾದ ನಮ್ಮಪ್ಪ ನನ್ನ ಮನೇಲಿ ಹಾಸಿಗೆ ಹಿಡಿದಿದ್ದ. ಡಾಕ್ಟ್ರು, "ಇನ್ನು ಸ್ವಲ್ಪ ದಿನ ಅಷ್ಟೇ, ಎಲ್ಲೂ ಕರ್ಕೊಂಡು ಹೋಗ್ಬೇಡಿ" ಅಂದಿದ್ರು. ಅಪ್ಪಂಗೆ ದಂಡಿನಶಿವರದ ನಮ್ಮ ತೆಂಗಿನ ತೋಟ ಒಂದ್ಸಲ ನೋಡೋ ಆಸೆ. ಫೋನಲ್ಲಿ ಫೋಟೋ ತೋರಿಸಿದೆ. "ಅಂಗೈಯಗಲ ತೋಟ ನಮ್ದಲ್ಲ ಬುಡು" ಅಂದು ಗೋಡೆ ಕಡೆ ತಿರುಗಿದ. ದೊಡ್ಡದಾಗಿ ನಾನೇ ಬರೆದು ತೋರಿಸ್ತೀನಿ ಅಂತ ಹಟ ಹಿಡಿದು, ಡ್ರಾಯಿಂಗ್ ಮೇಷ್ಟ್ರ ಹತ್ರ ಆಯಿಲ್ ಪೇಂಟಿಂಗ್ ಕಲಿಯೋಕೆ ಹೋದೆ.

ಎಣ್ಣೆ

ಮೊದಲ ದಿನ ತೆಂಗಿನ ಒಂದೊಂದು ಗರಿಗೂ ಗೆರೆ ಎಳೆದೆ. ಮೇಷ್ಟ್ರು, "ಅಂಚು ಹೊಲೀಬೇಡಿ. ಇದು ಇಂಪ್ರೆಷನಿಸಂ. ಬೆಳಕು ಬಿದ್ದ ಕಡೆ ಬಣ್ಣದ ಚುಕ್ಕಿ ಇಡಿ, ದೂರದಿಂದ ನೋಡಿದ್ರೆ ತಾನೇ ತೋಟ ಆಗುತ್ತೆ" ಅಂದ್ರು. ಬಣ್ಣ ಗಟ್ಟಿಯಾದ್ರೆ ಎಣ್ಣೆ ಬೆರೆಸಿ ಅಂತ ಹೇಳಿ ಕಳಿಸಿದ್ರು. ತಿಪಟೂರಲ್ಲಿ ಯಾವ ಎಣ್ಣೆ ಅಂತ ಕೇಳೋರುಂಟಾ? ನಮ್ಮ ತೋಟದ ಕೊಬ್ಬರಿ ಎಣ್ಣೇನೇ ಧಾರಾಳವಾಗಿ ಸುರಿದೆ. ವಾರ ಕಳೀತು, ಇನ್ನೊಂದು ವಾರವೂ ಕಳೀತು, ಬಣ್ಣ ಒಣಗಲಿಲ್ಲ. ನೊಣ ಮಾತ್ರ ಅಂಟಿಕೊಂಡವು. ಇತ್ತ ಅಪ್ಪನ ದಿನ ಕರಗ್ತಿದೆ, ಚಿತ್ರ ಹೊತ್ತು ಮೇಷ್ಟ್ರ ಹತ್ರ ಓಡಿದೆ. ಮೇಷ್ಟ್ರು ಮೂಸಿ ನೋಡಿ, "ಅಗಸೆ ಎಣ್ಣೆ ಹಾಕ್ಬೇಕಮ್ಮ. ಇದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಒಣಗಲ್ಲ. ಬೇಕಾದ್ರೆ ತಲೆಗೆ ಹಚ್ಕೊಳ್ಳಿ" ಅಂದ್ರು.

ಅಳತೆ

ಹೊಸ ಕ್ಯಾನ್ವಾಸ್ ಹೊತ್ತು ಬಸ್ಸಲ್ಲಿ ದಂಡಿನಶಿವರಕ್ಕೆ ಹೋದೆ. ಮೇಷ್ಟ್ರು ಹೇಳಿಕೊಟ್ಟಂಗೆ ಒಂದು ಕಣ್ಣು ಮುಚ್ಚಿ, ಕುಂಚ ಮುಂದಕ್ಕೆ ಚಾಚಿ ಮರದ ಎತ್ತರ ಅಳೀತಿದ್ದೆ. ಪಕ್ಕದ ತೋಟದ ಯಜಮಾನ್ರು ಬೇಲಿಯಾಚೆಯಿಂದ, "ಅಪ್ಪ ಇನ್ನೂ ಉಸಿರಾಡ್ತಾವ್ನೆ, ಆಗ್ಲೇ ಅಳತೆಗೆ ಬಂದ್ಯೇನವ್ವ?" ಅಂದ್ರು. ಮೈಯೆಲ್ಲ ಉರಿದುಹೋಯ್ತು. ಸಂಜೆಗೆ ಸುದ್ದಿ ಮುಟ್ಟಿ, ತುರುವೇಕೆರೆಯಿಂದ ಅಣ್ಣನ ಫೋನು.

"ಪಾಲು ಬೇಕಿದ್ರೆ ನನ್ನ ಕೇಳ್ಬೇಕು ಕಣೇ."

"ಪಾಲು ಯಾರಿಗ್ ಬೇಕು? ಅಪ್ಪಂಗೆ ತೋರ್ಸೋಕೆ ಆ ಮರಗಳ ನೆರಳು ಬೇಕು ಕಣಣ್ಣ."

ಅಣ್ಣ ಕೇಳಿದ, "ಅದಕ್ಕೂ ನನ್ನ ಸೈನ್ ಬೇಕಾ?"

ಸೀಟು

ಚಿತ್ರ ಮುಗಿಸಿ ಮಂಚದ ಹತ್ರ ಹಿಡಿದೆ. "ಏನೇ ಇದು, ಒಡೆದ ಹಾಲು ಇದ್ದಂಗೈತೆ" ಅಂದ ಅಪ್ಪ. ದೂರದಿಂದ ನೋಡ್ಬೇಕಪ್ಪ ಅಂತ ಹಿಂದೆ ಹಿಂದೆ ನಡೆದೆ. ಅಪ್ಪ ಮಲಗಿದಲ್ಲೇ "ರೈಟ್, ರೈಟ್" ಅಂತ ಬಸ್ಸು ರಿವರ್ಸ್ ತೆಗೆಸಿದಂಗೆ ನನ್ನನ್ನ ಬಾಗಿಲವರೆಗೂ ಕಳಿಸಿ, "ಹೋಲ್ಡಾನ್" ಅಂದ. ಅಲ್ಲಿಂದ ತೋಟ ಕಂಡಿತು. ಕಣ್ಣಲ್ಲಿ ನೀರು.

"ಗರಿ ಹಳದಿ ಆಗವೆ, ಬೇರಿಗೆ ಔಷಧಿ ಕೊಡ್ಸು."

"ಅದು ಬಿಸಿಲಪ್ಪ."

"ನಿಮ್ಮವ್ವನ ಸಮಾಧಿ ಎಲ್ಲಿ?"

ತೋಟದ ಮೂಲೆಯಲ್ಲಿರೋ ಅದನ್ನ ನಾನು ಬೇಕಂತಲೇ ಬಿಟ್ಟಿದ್ದೆ.

"ಬರಿ. ಪಕ್ಕದ ಸೀಟು ನಂದು, ಅದನ್ನೂ ತೋರ್ಸು. ಒಣಗಿದ್ ಮೇಲೆ ನೋಡ್ಕೊಂಡು ಹೊರಡ್ತೀನಿ."

ಅಡುಗೆಮನೆಗೆ ಹೋಗಿ ಎಣ್ಣೆ ಬಾಟ್ಲಿ ತಂದು, ಅವ್ವನ ಸಮಾಧಿ, ಪಕ್ಕದ ಖಾಲಿ ಜಾಗ ಎರಡೂ ಬರೆದೆ. ಆ ಮೂಲೆಯ ಹುಲ್ಲಿನ ಹಸಿರಿಗೆ ಅಗಸೆ ಎಣ್ಣೆ ಮುಟ್ಟಿಸಲಿಲ್ಲ, ಕೊಬ್ಬರಿ ಎಣ್ಣೇನೇ ಸುರಿದೆ. ಚಿತ್ರ ಈಗ ಮಂಚಕ್ಕೆ ಒರಗಿದೆ. ಅಪ್ಪ ದಿನಾ ಬೆರಳಲ್ಲಿ ಒತ್ತಿ ನೋಡ್ತಾನೆ, ಅಂಟಿದ್ದನ್ನ ತಲೆಗೆ ಒರೆಸಿಕೊಳ್ತಾನೆ. ಡಾಕ್ಟ್ರು ಹೇಳಿದ ದಿನ ದಾಟಿಹೋಗಿದೆ. ಮೊನ್ನೆ ಅವರೇ ಬಂದು, "ಇದೇನು ಯಜಮಾನ್ರೇ, ಕೂದಲೆಲ್ಲ ಹಸಿರು?" ಅಂದ್ರು.

ಅಪ್ಪ ಬೇಜಾರಲ್ಲಿ ಹೇಳಿದ, "ನಾನು ಹೊರಡೋನೇ ಸಾರ್. ಈ ಹಾಳು ಬಣ್ಣ ಒಣಗ್ತಿಲ್ಲ."